ನೂರು ರೂಪಾಯಿ ಷೇರಿನ ಹಿಂದಿನ ಚರಿತ್ರೆ



ನಮ್ಮ ಸಂಘವು ಇಪ್ಪತ್ತೈದು ಸಂವತ್ಸರಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಸುಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ನಾವೂ ಒಂದು ಲೇಖನ ಕೊಡಬೇಕೆಂದು ಆಡಳಿತ ಮಂಡಳಿಯವರು ಠರಾಯಿಸಿದರು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಕೈಗೆ ಕುಂಟೆ ಕೂರಿಗೆಯ ರೂಢಿ ಇದ್ದಷ್ಟು ಪೆನ್ನಿನ ರೂಢಿ ಇಲ್ಲ. ಕಟ್ಟಡ, ಗೋದಾಮು, ಠೇವು, ಸಾಲ ವಸೂಲಿ ಇವುಗಳ ಬಗ್ಗೆ ಅಧ್ಯಕ್ಷರೂ ಕಾರ್ಯದರ್ಶಿಯವರೂ ಬೇರೆ ಬರೆದಿದ್ದಾರೆ. ನಾವು ಷೇರುದಾರನ ಹಕ್ಕು ಎಲ್ಲಿಂದ ಬಂತು, ಹೇಗೆ ಬಂತು ಎಂಬ ಹಿಂದಿನ ಕಥೆಯನ್ನು ನಮಗೆ ತಿಳಿದಮಟ್ಟಿಗೆ ಹೇಳುತ್ತೇವೆ.

ಇದಕ್ಕೆ ಕಾರಣವಿದೆ. ಪ್ರತಿ ವರ್ಷ ಬೆಳೆಸಾಲ ಕೊಡುವಾಗ ಷೇರು ಕಡಿತದ ಮಾತು ಬಂದೇ ಬರುತ್ತದೆ. “ಈ ಕಡಿತ ಯಾಕ್ರೀ? ಈ ರೊಕ್ಕ ಯಾರ ಹೊಟ್ಟಿಗೆ ಹೋಗತೈತಿ?” ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಇದು ಫೀ ಅಲ್ಲ, ಲಂಚ ಅಲ್ಲ, ನಿಮ್ಮ ಹೆಸರಿನಲ್ಲೇ ಜಮಾ ಆಗುವ ನಿಮ್ಮ ಸ್ವಂತ ಭಾಗಬಂಡವಾಳ ಎಂದರೆ ತಲೆ ಅಲ್ಲಾಡಿಸುತ್ತಾರೆ, ಆದರೆ ನಂಬಿದಂತೆ ಕಾಣುವುದಿಲ್ಲ. ತನ್ನದು ಎಂಬ ಭಾವನೆ ಇಲ್ಲದ ಮೇಲೆ ಸಭೆಗೆ ಯಾಕೆ ಬಂದಾರು, ಲೆಕ್ಕ ಯಾಕೆ ಕೇಳಿಯಾರು? ಅದಕ್ಕೇ ಈ ಬರಹ.

ಸಂಘ ಎಂಬುದು ಹುಟ್ಟುವ ಮೊದಲು ರೈತನಿಗೆ ಇದ್ದದ್ದು ಸಾವುಕಾರ ಒಬ್ಬನೇ. ಸಾವುಕಾರನ ಕೀರ್ದಿಯಲ್ಲಿ ಏನು ಬರೆದಿದೆ ಎಂದು ರೈತ ಕೇಳುವ ಹಾಗಿರಲಿಲ್ಲ, ಕೇಳಿದರೂ ಓದಲಿಕ್ಕೆ ಬರುತ್ತಿರಲಿಲ್ಲ. 1875ರಲ್ಲಿ ಆಗಿನ ಮುಂಬಯಿ ಪ್ರಾಂತದ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ರೈತರು ಎದ್ದು ಸಾವುಕಾರರ ಮನೆಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ದುಡ್ಡು ಬಂಗಾರವನ್ನಲ್ಲ, ಸಾಲದ ಕಾಗದಪತ್ರಗಳನ್ನು. ಸಿಕ್ಕ ಪತ್ರಗಳನ್ನು ಬೀದಿಯಲ್ಲಿ ಹಾಕಿ ಸುಟ್ಟರು. ತಾನು ನೋಡಲಾಗದ, ತನಗೆ ತಿಳಿಯದ ಲೆಕ್ಕವೇ ರೈತನಿಗೆ ದೊಡ್ಡ ವೈರಿಯಾಗಿತ್ತು. ನಮ್ಮ ಧಾರವಾಡ ಸೀಮೆಯೂ ಆಗ ಅದೇ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿಯ ರೈತನ ಸ್ಥಿತಿಯೂ ಬೇರೆ ಇರಲಿಲ್ಲ.

ಅದೇ ಶತಮಾನದಲ್ಲಿ ಯುರೋಪಿನಲ್ಲಿ ಎರಡು ಕೆಲಸ ನಡೆದಿದ್ದವು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೇ ಮೊದಲಾದ 28 ಜನ ಬಡವರು ಪೆನ್ನಿ ಪೆನ್ನಿ ಕೂಡಿಸಿ, ತಲೆಗೆ ಒಂದು ಪೌಂಡಿನ ಷೇರು ಮಾಡಿ, 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಇಂಥವೇ ಸಾಮಾನು. ಅಂಗಡಿ ಸಣ್ಣದು. ಆದರೆ ಅವರು ಮಾಡಿಕೊಂಡ ಒಂದು ಕಟ್ಟಳೆ ದೊಡ್ಡದು: ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ಇತ್ತ ಜರ್ಮನಿಯಲ್ಲಿ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬುವರು 1864ರಲ್ಲಿ ಹಳ್ಳಿಯ ರೈತರದ್ದೇ ಸಾಲದ ಸಂಘ ಕಟ್ಟಿದರು. ಅವರದು ‘ಎಲ್ಲರ ಸಾಲಕ್ಕೆ ಎಲ್ಲರೂ ಜವಾಬು’ ಎಂಬ ಪದ್ಧತಿ.

ಒಂದು ಓಟಿನ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಡೆ ಹೇಗಿತ್ತೆಂದು ನೋಡಬೇಕು. ನಮ್ಮ ದೇಶವನ್ನು ಆಳಿದ ಈಸ್ಟ್ ಇಂಡಿಯಾ ಕಂಪನಿಯೂ ಷೇರುದಾರರದ್ದೇ. 1773ರ ರೆಗ್ಯುಲೇಟಿಂಗ್ ಕಾಯಿದೆಯ ಪ್ರಕಾರ ಅದರಲ್ಲಿ 1000 ಪೌಂಡು ಬಂಡವಾಳ ಇದ್ದವನಿಗೆ ಒಂದು ಓಟು, 3000 ಇದ್ದವನಿಗೆ ಎರಡು, 6000ಕ್ಕೆ ಮೂರು, 10000ಕ್ಕೆ ನಾಲ್ಕು. ಸಾವಿರಕ್ಕಿಂತ ಕಡಿಮೆ ಇದ್ದವನಿಗೆ ಓಟೇ ಇಲ್ಲ. ಹಣ ಅವನದೂ ಹೌದು, ಬಾಯಿ ಮಾತ್ರ ಇಲ್ಲ! ಇವತ್ತಿನ ಕಂಪನಿಗಳಲ್ಲೂ ಸಾಮಾನ್ಯವಾಗಿ ಷೇರಿನ ಲೆಕ್ಕದ ಮೇಲೆಯೇ ಓಟು. ಅಲ್ಲಿ ರೂಪಾಯಿ ಓಟು ಹಾಕುತ್ತದೆ, ನಮ್ಮಲ್ಲಿ ಮನುಷ್ಯ ಹಾಕುತ್ತಾನೆ.

ನಮ್ಮ ದೇಶಕ್ಕೆ ಈ ಪದ್ಧತಿ ಸರಿಹೊಂದೀತೇ ಎಂದು ನೋಡಲು ಮದ್ರಾಸ್ ಸರಕಾರ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತ್ತು. ಅವರು 1895ರಲ್ಲಿ ವರದಿ ಕೊಟ್ಟು, ಹಳ್ಳಿಗಳಿಗೆ ರೈಫೈಸನ್ ಮಾದರಿಯೇ ಬೇಕೆಂದರು. ಮುಂದೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಆಯಿತು. ಹದಿನೆಂಟು ದಾಟಿದ ಹತ್ತು ಜನ ಒಂದೇ ಊರಿನವರು ಕೂಡಿದರೆ ಸಂಘ ಮಾಡಬಹುದು. ಗ್ರಾಮೀಣ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲುತನದವರೇ ಇರಬೇಕು.

ಇಲ್ಲಿ ನಾವು ಎದೆ ಎತ್ತಿ ಹೇಳಬೇಕಾದ ಮಾತು ಒಂದಿದೆ. ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂಬ ಕೀರ್ತಿ ಈ ಸಂಘಕ್ಕಿದೆ. ದಿಲ್ಲಿ, ಮುಂಬಯಿ, ಮದ್ರಾಸ್ ಯಾವುದೂ ಅಲ್ಲ, ನಮ್ಮ ಪಕ್ಕದ ಎರೆಮಣ್ಣಿನ ಒಂದು ಹಳ್ಳಿ! ನಮ್ಮ ಸದಸ್ಯರಲ್ಲಿ ಗದಗಿನ ಪೇಟೆಗೆ ಹೋಗಿಬರುವವರು ಬಹಳ ಜನ. ಒಮ್ಮೆ ಕಣಗಿನಹಾಳದ ತನಕ ಹೋಗಿ ನೋಡಿ ಬರಬೇಕೆಂದು ವಿನಂತಿ.

ಆಗಿನ ಸದಸ್ಯನಾಗುವುದು ಹುಡುಗಾಟಿಕೆಯಾಗಿರಲಿಲ್ಲ. ಗ್ರಾಮೀಣ ಸಂಘಕ್ಕೆ ಅಮರ್ಯಾದಿತ ಜವಾಬ್ದಾರಿ ಎಂದು ಕಾಯಿದೆಯಲ್ಲಿತ್ತು. ಅಂದರೆ ಸಂಘ ಮುಳುಗಿದರೆ ಸದಸ್ಯನ ಷೇರಷ್ಟೇ ಹೋಗುವುದಲ್ಲ, ಹೊಲ ಮನೆಯೂ ಸಾಲಗಾರರಿಗೆ ಹೊಣೆ. ಒಬ್ಬ ಮೈಗಳ್ಳನಿಗೆ ಸಾಲ ಕೊಟ್ಟರೆ ಹತ್ತು ಜನ ದುಡಿಯುವವರ ಹೊಲಕ್ಕೆ ಕುತ್ತು. ಆದ್ದರಿಂದ ಯಾರಿಗೆ ಎಷ್ಟು ಕೊಟ್ಟಿದೆ, ಯಾರು ತಿರುಗಿಸಿದ್ದಾರೆ, ಯಾರು ಇಟ್ಟುಕೊಂಡಿದ್ದಾರೆ ಎಂಬುದನ್ನು ತಿಳಿಯುವುದು ಪ್ರತಿ ಸದಸ್ಯನಿಗೆ ಜೀವದ ಪ್ರಶ್ನೆಯಾಗಿತ್ತು. ನಮ್ಮ ವಿಚಾರದಲ್ಲಿ ಲೆಕ್ಕ ಕೇಳುವ ಹಕ್ಕಿನ ಬೇರು ಇಲ್ಲಿದೆ. ಕೇಳದಿದ್ದರೆ ಮನೆ ಹೋಗುತ್ತಿತ್ತು, ಅದಕ್ಕೆ ಕೇಳಿದರು. ಈಗ ನಮ್ಮ ಜವಾಬ್ದಾರಿ ಮರ್ಯಾದಿತ, ಹೋದರೆ ಷೇರು ಹೋದೀತು ಎನ್ನುವಷ್ಟೇ. ಆ ಧೈರ್ಯದ ಮೇಲೆ ಕೇಳುವುದನ್ನೂ ಬಿಟ್ಟೆವೋ ಏನೋ.

1904ರ ಕಾಯಿದೆ ಸಾಲದ ಸಂಘಗಳಿಗೆ ಮಾತ್ರ ಇತ್ತು. 1912ರಲ್ಲಿ ಬೇರೆ ಕಾಯಿದೆ ಬಂದು ಮಾರಾಟ, ಖರೀದಿ ಮೊದಲಾದ ಎಲ್ಲ ತರಹದ ಸಂಘಗಳಿಗೂ ಅವಕಾಶವಾಯಿತು. ಇವತ್ತು ಷೇರುದಾರನಿಗೆ ಇರುವ ರಕ್ಷಣೆಗಳಲ್ಲಿ ಬಹಳಷ್ಟು ಆ ಹಳೇ ಕಾಯಿದೆಯಲ್ಲೇ ಇವೆ. ಷೇರಿನ ಮೇಲೆ ನಿಂತ ಸಂಘದಲ್ಲಿ ಬಂಡವಾಳದ ಐದನೆಯ ಒಂದು ಪಾಲಿಗಿಂತ ಹೆಚ್ಚು ಷೇರು ಒಬ್ಬನೇ ಹಿಡಿಯಬಾರದು, ಸಾವುಕಾರ ಬಂದು ಸಂಘವನ್ನೇ ನುಂಗದಿರಲೆಂದು. ಸದಸ್ಯನ ಹೊರಗಿನ ಸಾಲಕ್ಕೆ ಅವನ ಷೇರನ್ನು ಕೋರ್ಟು ಜಪ್ತಿ ಮಾಡುವಂತಿಲ್ಲ. ಅವನಿಗೆ ಸಂಘದ್ದೇ ಬಾಕಿ ಇದ್ದರೆ ಮಾತ್ರ ಸಂಘ ಅದನ್ನು ಮುರಿದುಕೊಳ್ಳಬಹುದು. ಸದಸ್ಯ ತೀರಿಕೊಂಡರೆ ಷೇರು ಅವನು ಹೆಸರು ಬರೆಸಿದವರಿಗೆ, ಬರೆಸಿರದಿದ್ದರೆ ವಾರಸುದಾರರಿಗೆ ಹೋಗಬೇಕು. ವರ್ಷಕ್ಕೆ ಒಮ್ಮೆಯಾದರೂ ಲೆಕ್ಕ ತಪಾಸಣೆ ಆಗಬೇಕು. ಸದಸ್ಯರಲ್ಲಿ ಮೂರನೆಯ ಒಂದು ಪಾಲು ಜನ ಅರ್ಜಿ ಕೊಟ್ಟರೆ ನಿಬಂಧಕರು ಸಂಘದ ವಿಚಾರಣೆ ನಡೆಸಲೇಬೇಕು. ಲಾಭದ ನಾಲ್ಕನೆಯ ಒಂದು ಪಾಲು ಕಾಯ್ದಿಟ್ಟ ನಿಧಿಗೆ ತೆಗೆದಿಟ್ಟೇ ಮುಂದಿನ ಮಾತು. ನಮ್ಮ ಸಂಘದ ಅಢಾವೆ ಪತ್ರಿಕೆಯಲ್ಲಿ ಈಗಲೂ ‘ಕಾಯ್ದಿಟ್ಟ ನಿಧಿ’ ಎಂಬ ಸಾಲು ಕಾಣುತ್ತದಲ್ಲ, ಅದರ ಮೂಲ ಇದು.

1925ರಲ್ಲಿ ಮುಂಬಯಿ ಪ್ರಾಂತಕ್ಕೆ ಪ್ರತ್ಯೇಕ ಸಹಕಾರಿ ಕಾಯಿದೆ ಆಯಿತು. ಅದರ ಹಿಂದೆಯೇ 1930ರ ಹೊತ್ತಿಗೆ ಜಗತ್ತಿನಲ್ಲೆಲ್ಲ ಮಾಲಿನ ದರ ಬಿದ್ದುಹೋಯಿತು. ಹತ್ತಿ ಮಾರಿದರೆ ಬಿಡಿಸಿದ ಕೂಲಿ ಹುಟ್ಟದ ಕಾಲ ಎಂದು ಹಿರಿಯರು ಹೇಳುತ್ತಿದ್ದರು. ಸುಸ್ತಿ ಬಾಕಿ ಬೆಳೆದು ಎಷ್ಟೋ ಸಂಘಗಳು ದಿವಾಳಿ ಎದ್ದವು. ಅಮರ್ಯಾದಿತ ಜವಾಬ್ದಾರಿಯ ಬಿಸಿ ಆಗ ತಟ್ಟಿತು.

ಸ್ವಾತಂತ್ರ್ಯ ಬಂದ ಮೇಲೆ ರಿಜರ್ವ್ ಬ್ಯಾಂಕಿನವರು ದೇಶದ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿದರು. 1954ರಲ್ಲಿ ವರದಿ ಹೊರಬಿತ್ತು. ರೈತ ಮಾಡಿದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಮೂರು ರೂಪಾಯಿ ಚಿಲ್ಲರೆ ಮಾತ್ರ! ಐವತ್ತು ವರ್ಷದ ದುಡಿಮೆಗೆ ಇಷ್ಟೇ ಫಲವೇ ಎಂದು ಎಲ್ಲರೂ ಗಾಬರಿಯಾದರು. ಸರಕಾರವೇ ಷೇರು ಹಾಕಿ ಸಂಘಗಳಿಗೆ ಬಲ ಕೊಡಬೇಕೆಂದು ಅದೇ ವರದಿ ಹೇಳಿತು. ಬಲವೇನೋ ಬಂತು, ಇಲ್ಲವೆನ್ನಲಾರೆವು. ಗೊಬ್ಬರ ಬಂತು, ಗೋದಾಮು ಬಂತು, ಸಾಲದ ರಕಮು ಬೆಳೆಯಿತು. ಆದರೆ ಮದುವೆಗೆ ಹಣ ಕೊಟ್ಟ ಮಾವ ಮನೆಯ ಕಾರಭಾರಕ್ಕೂ ಬಂದು ಕೂತ ಹಾಗೆ, ಸರಕಾರದ ಷೇರಿನ ಹಿಂದೆ ಸರಕಾರ ನೇಮಿಸಿದ ಸದಸ್ಯರೂ ಬಂದರು. ಕೆಲವು ಕಡೆ ಆರಿಸಿ ಬಂದ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂಡ್ರಿಸಿದರು. ಚುನಾವಣೆಗಳು ಮುಂದೆ ಮುಂದೆ ಹೋದವು. ಷೇರುದಾರನಿಗೆ ಸಾಲ ಸಿಕ್ಕಿತು, ಓಟು ಪೆಟ್ಟಿಗೆಯಲ್ಲೇ ಉಳಿಯಿತು.

ರಾಜ್ಯ ಒಂದಾದ ಮೇಲೆ ನಮ್ಮ ಈಗಿನ ಕಾಯಿದೆ ಬಂತು. 1959ರಲ್ಲಿ ಮೈಸೂರು ಸಹಕಾರ ಸಂಘಗಳ ಕಾಯಿದೆ ಎಂದಾಗಿ, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ಎನಿಸಿತು. ಸದಸ್ಯರು ಇದರ ಮೂರ್ನಾಲ್ಕು ಕಲಂಗಳನ್ನಾದರೂ ನೆನಪಿಡಬೇಕು. 20ನೆಯ ಕಲಂ: ಷೇರು ಹತ್ತಿರಲಿ ನೂರಿರಲಿ, ಒಬ್ಬನಿಗೆ ಒಂದೇ ಓಟು. ಅದನ್ನು ಖುದ್ದಾಗಿ ಬಂದೇ ಹಾಕಬೇಕು, ಮಗನನ್ನೋ ಅಳಿಯನನ್ನೋ ಕಳಿಸಿದರೆ ನಡೆಯದು. 64ನೆಯ ಕಲಂ: ಸಂಘದ ರಚನೆ, ಕಾರಭಾರ, ಹಣಕಾಸಿನ ಸ್ಥಿತಿಯ ವಿಚಾರಣೆ. 1912ರಲ್ಲಿ ಹೇಳಿದೆವಲ್ಲ, ಅದೇ ಇದು. 69ನೆಯದು ಸಂಘದ ಹಣ ನುಂಗಿದವರಿಂದ ವಸೂಲಿ ಮಾಡುವುದಕ್ಕೆ, 70ನೆಯದು ಸದಸ್ಯನಿಗೂ ಸಂಘಕ್ಕೂ ತಂಟೆ ಬಂದರೆ ಸಿವಿಲ್ ಕೋರ್ಟಿಗೆ ಅಲೆಯದೆ ಸಹಕಾರ ಇಲಾಖೆಯಲ್ಲೇ ದಾವೆ ಹೂಡುವುದಕ್ಕೆ. ಇವು ನಮ್ಮ ಮಂಡಳಿಯ ಮೇಲೂ ಬಳಸಬಹುದಾದ ಹತಾರಗಳೇ. ನಿರ್ದೇಶಕರಾಗಿ ನಾವೇ ಇದನ್ನು ಬರೆಯುವುದು ಕೆಲವರಿಗೆ ವಿಚಿತ್ರ ಕಂಡೀತು. ಕಾಣಲಿ.

ನಮ್ಮೂರಿನ ಮಾತಿಗೆ ಬರೋಣ. ಎಪ್ಪತ್ತರ ದಶಕದಲ್ಲಿ ಸಣ್ಣ ಸಣ್ಣ ಸಂಘಗಳನ್ನು ಕೂಡಿಸಿ ದೊಡ್ಡದು ಮಾಡಿದಾಗ ನಮ್ಮೂರು ಬೇರೊಂದು ಊರಿನ ಸಂಘಕ್ಕೆ ಸೇರಿತು. ಊರಿನ ಹೆಸರು ಬೇಡ. ಸಭೆಯ ನೋಟೀಸು ಆ ಊರಿನ ಚಾವಡಿಗೆ ಹಚ್ಚುತ್ತಿದ್ದರು. ನಮ್ಮೂರಿಗೆ ಸುದ್ದಿ ಬರುವುದರೊಳಗೆ ಸಭೆ ಮುಗಿದು ಉಪ್ಪಿಟ್ಟು ಚಹಾ ಆಗಿ ಹಾಜರಿ ಪುಸ್ತಕವೂ ಮುಚ್ಚಿರುತ್ತಿತ್ತು. ನಮ್ಮ ತಂದೆಯವರ ಕಾಲದವರು ಷೇರು ಹಾಕಿದರು, ಸಾಲ ತಂದರು, ತೀರಿಸಿದರು, ಆದರೆ ಅಢಾವೆ ಪತ್ರಿಕೆ ಹೇಗಿರುತ್ತದೆ ಎಂದು ಅವರಲ್ಲಿ ಬಹಳ ಜನ ನೋಡಿದ್ದೇ ಇಲ್ಲ. ಇಪ್ಪತ್ತೈದು ವರ್ಷದ ಹಿಂದೆ ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿ ಪ್ರತ್ಯೇಕ ಸಂಘ ಬೇಕು ಎಂದದ್ದಕ್ಕೆ ಗೊಬ್ಬರದ ಗೋದಾಮು ದೂರ ಎಂಬುದು ಒಂದು ಕಾರಣ. ನೋಟೀಸು ನಮ್ಮ ಊರಿನ ಗೋಡೆಗೇ ಹಚ್ಚಬೇಕು ಎಂಬುದು ಇನ್ನೊಂದು. ನಮ್ಮ ಮಟ್ಟಿಗೆ ಎರಡನೆಯದೇ ದೊಡ್ಡದು.

ಇನ್ನು ಇತ್ತೀಚಿನ ಸಂಗತಿ. ಸಂವಿಧಾನದ 97ನೆಯ ತಿದ್ದುಪಡಿ 2012ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಸಹಕಾರ ಸಂಘ ಕಟ್ಟಿಕೊಳ್ಳುವುದು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿತು. ಮಂಡಳಿಗೆ ಐದು ವರ್ಷದ ಅವಧಿ, ಅವಧಿ ಮುಗಿಯುವ ಮೊದಲೇ ಚುನಾವಣೆ, ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಸ್ಥಾನ ಇತ್ಯಾದಿ ಬಂದವು. ನಮ್ಮ ರಾಜ್ಯದ ಕಾಯಿದೆಯೂ ಅದಕ್ಕೆ ತಕ್ಕಂತೆ ತಿದ್ದುಪಡಿಯಾಯಿತು. 2021ರ ಜುಲೈ 20ರಂದು ಸುಪ್ರೀಂ ಕೋರ್ಟು, ಸಹಕಾರ ಸಂಘಗಳು ರಾಜ್ಯದ ವಿಷಯ, ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಪಡೆಯದೆ ಈ ತಿದ್ದುಪಡಿಯ ವಿವರವಾದ ಭಾಗವನ್ನು ರಾಜ್ಯದೊಳಗಿನ ಸಂಘಗಳಿಗೆ ಹೇರಲು ಬರುವುದಿಲ್ಲ ಎಂದಿತು. ಆದರೆ ಸಂಘ ಕಟ್ಟುವ ಮೂಲಭೂತ ಹಕ್ಕು ಹಾಗೇ ಉಳಿದಿದೆ. ನಮ್ಮ ವಿಧಾನಸಭೆಯೇ ರಾಜ್ಯದ ಕಾಯಿದೆಯಲ್ಲಿ ಮಾಡಿಕೊಂಡ ತಿದ್ದುಪಡಿಗಳು ಆ ತೀರ್ಪಿನಿಂದ ತಾವಾಗಿ ಬಿದ್ದುಹೋಗಲಿಲ್ಲ.

ಈ ತಿದ್ದುಪಡಿಗಳಲ್ಲಿ ಒಂದು ಸದಸ್ಯನ ಮೈಮೇಲೇ ಬಂದಿದೆ. ಗೊತ್ತುಪಡಿಸಿದಷ್ಟು ಮಹಾಸಭೆಗಳಿಗೆ ಹಾಜರಾಗದವನಿಗೆ, ಬೈಲಾದಲ್ಲಿ ಹೇಳಿದಷ್ಟು ಕನಿಷ್ಠ ವ್ಯವಹಾರ ಸಂಘದ ಕೂಡ ಮಾಡದವನಿಗೆ ಓಟು ಇಲ್ಲ. ಚುನಾವಣೆ ಬಂತೆಂದರೆ ಎರಡು ಪಟ್ಟಿ: ಅರ್ಹರ ಪಟ್ಟಿ, ಅನರ್ಹರ ಪಟ್ಟಿ. ಇದರ ಉದ್ದೇಶ ಒಳ್ಳೆಯದೇ. ಹೆಸರಿಗೆ ಮಾತ್ರ ಷೇರು ಹಾಕಿ ಐದು ವರ್ಷಕ್ಕೊಮ್ಮೆ ಓಟಿಗೆಂದೇ ಟ್ರ್ಯಾಕ್ಟರಿನಲ್ಲಿ ಬಂದಿಳಿಯುವವರಿಗೆ ಮೂಗುದಾರ ಬೇಕಿತ್ತು. ಆದರೆ ನೋಟೀಸೇ ಮುಟ್ಟದವನು ಸಭೆಗೆ ಹೇಗೆ ಬಂದಾನು? ಬಂದವನ ಸಹಿಯನ್ನು ಪುಸ್ತಕದಲ್ಲಿ ತೆಗೆದುಕೊಳ್ಳದಿದ್ದರೆ ಬಂದದ್ದಕ್ಕೆ ಸಾಕ್ಷಿ ಏನು? ಅನರ್ಹರೆಂದು ಬರೆಸಿಕೊಂಡವರು ಹೈಕೋರ್ಟಿಗೆ ಹೋಗಿ ಮಧ್ಯಂತರ ಆದೇಶ ತಂದು ಓಟು ಹಾಕಿದ್ದನ್ನೂ ನಾವು ಕೇಳಿದ್ದೇವೆ. ಒಂದು ಓಟಿಗೆ ವಕೀಲರ ಫೀ ಎಷ್ಟಾಯಿತೋ! ಇನ್ನೊಂದು ತೊಡಕು ಹೊಲದ್ದು. ಮಹಾಸಭೆ ಸಪ್ಟೆಂಬರ ಒಳಗೆ ಮುಗಿಯಬೇಕು. ನಮ್ಮ ಕಡೆ ಹೆಸರು ಒಕ್ಕಣಿ ಮುಗಿಸಿ ಹಿಂಗಾರಿ ಜೋಳ, ಕಡಲೆಗೆ ಹೊಲ ಹಸನು ಮಾಡುವ ಹೊತ್ತು ಅದು. ಹದ ಬಿಟ್ಟು ಸಭೆಗೆ ಬಾ ಎಂದರೆ ಯಾವ ಒಕ್ಕಲಿಗ ಬಂದಾನು? ಅದಕ್ಕೇ ನಮ್ಮ ಸಂಘದಲ್ಲಿ ಸಭೆಯನ್ನು ಎತ್ತು ಹೂಡದ ಸೋಮವಾರ ಇಡುತ್ತೇವೆ, ಡಂಗುರ ಸಾರಿಸುತ್ತೇವೆ, ನೋಟೀಸನ್ನು ಮನೆಗೆ ಮುಟ್ಟಿಸಿ ಸಹಿ ತೆಗೆದುಕೊಳ್ಳುತ್ತೇವೆ. ಹಾಜರಿ ಪುಸ್ತಕ ಕಪಾಟಿನಲ್ಲಿ ಭದ್ರವಾಗಿದೆ, ಸದಸ್ಯರು ಯಾವಾಗ ಬೇಕಾದರೂ ನೋಡಬಹುದು.

ಇನ್ನು ತೀರಿಕೊಂಡವರ ಷೇರಿನ ವಿಚಾರ. ಇದು ನಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯದು. ಒಬ್ಬ ತಾಯಿ ಹೋದ ವರ್ಷ ಸಂಘದ ಕಟ್ಟೆಯ ಮೇಲೆ ಕೂತು, “ತಮ್ಮಾ, ನಮ್ಮವ್ರು ಹೋಗಿ ಆರು ವರ್ಷ ಆತು. ಅವ್ರ ಷೇರು ಇನ್ನೂ ಐತೋ, ಅವ್ರ ಕೂಡ ಹೋತೋ?” ಎಂದು ಕೇಳಿದರು. ಷೇರು ಎಲ್ಲಿಗೂ ಹೋಗಿರಲಿಲ್ಲ, ರಜಿಸ್ಟರಿನಲ್ಲಿ ಅವರ ಯಜಮಾನರ ಹೆಸರಿನಲ್ಲೇ ಇತ್ತು. ಆದರೆ ಸತ್ತವರಿಗೆ ನೋಟೀಸು ಕಳಿಸಲು ಬರುವುದಿಲ್ಲ, ಸತ್ತವರಿಗೆ ಓಟು ಇಲ್ಲ, ಸತ್ತವರ ಹೆಸರಿನಲ್ಲಿ ಹೊಸ ಸಾಲ ಇಲ್ಲ. ಹೊಲದ ವಾರಸಾ ಮಾಡಿಸಲು ತಹಶೀಲ್ದಾರ ಕಚೇರಿಗೆ ಹತ್ತು ಸಲ ಅಡ್ಡಾಡುವ ನಮ್ಮ ಜನ ಷೇರಿನ ವಾರಸಾ ಮಾಡಿಸಲು ಊರೊಳಗಿನ ಸಂಘಕ್ಕೆ ಒಂದು ಸಲ ಬರುವುದಿಲ್ಲ. ನೂರು ರೂಪಾಯಿಯದೇನು ಮಹಾ ಎಂಬ ಅಸಡ್ಡೆ.

ಆ ನೂರು ರೂಪಾಯಿಯ ಹಿಂದೆ ಏನಿದೆ ನೋಡಿ. ಬಡ್ಡಿ ಇಲ್ಲದ ಬೆಳೆಸಾಲ ಸಿಗುವುದು ಸಂಘದ ಸದಸ್ಯನಿಗೆ. ಮೂರು ಲಕ್ಷ ಇದ್ದ ಅದರ ಮಿತಿಯನ್ನು 2023-24ರಲ್ಲಿ ಐದು ಲಕ್ಷಕ್ಕೆ ಏರಿಸಿದರು. ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಶುರುವಾದದ್ದು ಸಹಕಾರಿ ಸದಸ್ಯರಿಗೆಂದೇ. 2018ರಲ್ಲಿ ನಿಂತಿತ್ತು, 2022-23ರಲ್ಲಿ ಮತ್ತೆ ಬಂತು. ಆಪರೇಶನ್ನಿಗೆ ದವಾಖಾನೆಯ ಮುಂದೆ ನಿಂತಾಗ ಸದಸ್ಯತ್ವದ ಬೆಲೆ ತಿಳಿಯುತ್ತದೆ. ಮನೆಯ ಯಜಮಾನ ಹೋದ ಮೇಲೆ ಸಾಲ ಬೇಕಾಗುವುದೂ ದವಾಖಾನೆ ಬೇಕಾಗುವುದೂ ಉಳಿದವರಿಗೇ ಅಲ್ಲವೇ? ಸದಸ್ಯತ್ವ ಅವರ ಹೆಸರಿಗೆ ಆಗಿರದಿದ್ದರೆ ಈ ಬಾಗಿಲುಗಳು ಮುಚ್ಚಿರುತ್ತವೆ. ಆ ತಾಯಿಯ ಅರ್ಜಿಯನ್ನು ಅದೇ ತಿಂಗಳ ಸಭೆಯಲ್ಲಿ ಇಟ್ಟು ಠರಾವು ಮಾಡಿ ಷೇರು ಅವರ ಹೆಸರಿಗೆ ಬರೆದೆವು. ಮುಂದಿನ ಮಹಾಸಭೆಗೆ ಅವರು ಬಂದು ಹೆಬ್ಬೆಟ್ಟು ಒತ್ತಿ ಮುಂದಿನ ಸಾಲಿನಲ್ಲೇ ಕೂತರು. ಗೊಬ್ಬರದ ಚೀಲಕ್ಕೆ ಹಮಾಲಿ ಇಷ್ಟು ಯಾಕೆ ಹಿಡಿದಿರಿ ಎಂದು ಕೇಳಿದವರೂ ಅವರೇ. ಕಾರ್ಯದರ್ಶಿಯವರು ರಸೀದಿ ಪುಸ್ತಕ ತರಿಸಿ ತೋರಿಸಬೇಕಾಯಿತು. ಸಭೆ ನಕ್ಕಿತು, ಆದರೆ ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಿದೆ.

ಆದ್ದರಿಂದ ಈ ಬೆಳ್ಳಿಹಬ್ಬದ ವರ್ಷ ಮಂಡಳಿಯು ಒಂದು ಠರಾವು ಮಾಡಿದೆ. ತೀರಿಕೊಂಡ ಸದಸ್ಯರ ಯಾದಿಯನ್ನು ಓಣಿವಾರು ಬರೆಸಿ ಸಂಘದ ಗೋಡೆಗೆ ಹಚ್ಚಲಾಗಿದೆ. ವಾರಸುದಾರರು ಮರಣ ದಾಖಲೆ, ವಾರಸಾ ಪ್ರಮಾಣಪತ್ರ, ಹೊಲದ ಉತಾರ, ಆಧಾರ ಕಾರ್ಡಿನ ನಕಲು ತಂದರೆ ಅರ್ಜಿಯನ್ನು ಸಂಘದಲ್ಲೇ ಬರೆದುಕೊಡುತ್ತೇವೆ. ಬರೆಯಲಿಕ್ಕೆ ದುಡ್ಡು ಕೊಡುವ ಕಾರಣವಿಲ್ಲ. ಈಗಿನ ಸದಸ್ಯರಲ್ಲಿ ಯಾರು ಇನ್ನೂ ನಾಮಿನಿ ಹೆಸರು ಬರೆಸಿಲ್ಲವೋ ಅವರೂ ಬರೆಸಬೇಕು. ಷೇರು ರಜಿಸ್ಟರ್ ಸೋಮವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ತನಕ ಮುಂದಿನ ಕೋಣೆಯ ಟೇಬಲ್ ಮೇಲೆ ಇರುತ್ತದೆ. ಓದಲು ಬಾರದವರಿಗೆ ನಾವಾಗಲಿ ಕಾರ್ಯದರ್ಶಿಯವರಾಗಲಿ ಅವರ ಖಾತೆಯನ್ನು ಓದಿ ಹೇಳುತ್ತೇವೆ.